ಮೇಷ್ಟ್ರು ಒಂದು ಹೇಳ್ತಾರೆ, ಗೈಡ್ ಇನ್ನೊಂದು

ವಿಶ್ವವಿದ್ಯಾಲಯಗಳು ತಮ್ಮ ಹಳೆಯ ವಿದ್ಯಾರ್ಥಿಗಳಿಗಾಗಿ ನಡೆಸುವ ಪ್ರವಾಸದ ಬ್ರೋಷರ್ ಕೈಗೆ ಬಂದರೆ ಹೆಚ್ಚಿನವರು ಮೊದಲು ಫೋಟೋ ನೋಡುತ್ತಾರೆ. ಆಮೇಲೆ ಬೆಲೆ ನೋಡುತ್ತಾರೆ. ಆಮೇಲೆ ಬ್ರೋಷರ್ ಮಡಚಿಡುತ್ತಾರೆ. ನಾನು ಸೀದಾ ಕೊನೆಯ ಪುಟಕ್ಕೆ ಹೋಗುತ್ತೇನೆ. ಜೊತೆಗೆ ಬರುವ ಪ್ರೊಫೆಸರ್ ಫೋಟೋ ಅಲ್ಲಿರುತ್ತದೆ. ಕೆಳಗೆ ಅವರ ಪದವಿ, ಬರೆದ ಪುಸ್ತಕ, ಬಂದ ಪ್ರಶಸ್ತಿ. ಅದೇ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಅನುಭವಿ ಸ್ಥಳೀಯ ಗೈಡ್‌ಗಳು ಇರುತ್ತಾರೆ. ಅವರಿಗೆ ಹೆಸರಿಲ್ಲ, ಫೋಟೋ ಇಲ್ಲ.

ಪ್ರವಾಸ ಚೆನ್ನಾಗಿ ಆಗುತ್ತದೋ ಇಲ್ಲವೋ ಅನ್ನೋದು ಈ ಇಬ್ಬರ ನಡುವೆ ಏನು ನಡೆಯುತ್ತದೆ ಅನ್ನೋದರ ಮೇಲೆ ನಿಂತಿದೆ ಅಂತ ಬರಬರುತ್ತಾ ನನಗೆ ಅನ್ನಿಸಿದೆ. ಪ್ರೊಫೆಸರ್ ಎಷ್ಟು ದೊಡ್ಡವರು ಅನ್ನೋದು ಮುಖ್ಯ ಅಲ್ಲ. ಗೈಡ್ ಎಷ್ಟು ತಮಾಷೆ ಮಾಡುತ್ತಾರೆ ಅನ್ನೋದೂ ಅಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಮ್ಮೆದುರೇ 'ಹಾಗಲ್ಲ' ಅನ್ನುತ್ತಾರಾ? ಅಂದಾಗ ಆ ಮೊದಲಿನವರು ಏನು ಮಾಡುತ್ತಾರೆ? ನಾನು ಕಾಯುವುದು ಆ ಗಳಿಗೆಗೆ.

ಇಂಥ ಟೂರ್ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹಳೆಯ ವಿದ್ಯಾರ್ಥಿಗಳ ಸಂಘ ಪ್ರತಿವರ್ಷ ಒಂದಷ್ಟು ಪ್ರವಾಸಗಳನ್ನು ಹಾಕುತ್ತದೆ. ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ. ಜೊತೆಗೆ ಆ ಜಾಗದ ಚರಿತ್ರೆಯನ್ನೋ, ಕಲೆಯನ್ನೋ, ಜೀವವಿಜ್ಞಾನವನ್ನೋ ಪಾಠ ಮಾಡುವ ಒಬ್ಬ ಪ್ರೊಫೆಸರ್. ಹೊರಡುವ ಮೊದಲೇ ಓದಬೇಕಾದ ಪುಸ್ತಕಗಳ ಪಟ್ಟಿ ಬರುತ್ತದೆ. ಅದನ್ನು ಪೂರ್ತಿ ಓದಿಕೊಂಡು ಬರುವವರು ಒಬ್ಬರೋ ಇಬ್ಬರೋ. ಅವರು ಯಾರು ಅಂತ ಮೊದಲ ದಿನ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ! ಕೊರಳಲ್ಲಿ ಬ್ಯಾಡ್ಜ್, ಅದರಲ್ಲಿ ಹೆಸರು, ಹೆಸರಿನ ಪಕ್ಕ ಪಾಸಾದ ವರ್ಷ. ಎಪ್ಪತ್ತು ದಾಟಿದವರೂ ಇನ್ನೊಬ್ಬರ ಬ್ಯಾಡ್ಜ್ ಕಡೆ ಬಗ್ಗಿ ನೋಡಿ, 'ಓ, ನೀವು ನಮ್ಮ ಜೂನಿಯರ್' ಅಂತ ಬೆನ್ನು ತಟ್ಟುತ್ತಾರೆ.

ಹೋಟೆಲ್, ವಿಮಾನ, ಬಸ್ಸು ಇದೆಲ್ಲ ನೋಡಿಕೊಳ್ಳುವುದು ಸಂಘ ಅಲ್ಲ, ಟ್ರಾವೆಲ್ ಕಂಪನಿ. ಅದೇ ಕಂಪನಿ ಅದೇ ದಾರಿಯನ್ನು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಮಾರುತ್ತದೆ. ಬ್ರೋಷರ್ ಮೇಲಿನ ಲಾಂಛನ ಮಾತ್ರ ಬದಲು. ಒಂದೇ ಹಡಗಿನಲ್ಲಿ ಮೂರ್ನಾಲ್ಕು ವಿಶ್ವವಿದ್ಯಾಲಯಗಳ ಗುಂಪುಗಳು ಇರುವುದೂ ಉಂಟು. ಪ್ರೊಫೆಸರ್ ಖರ್ಚು ನಾವು ಕೊಡುವ ದುಡ್ಡಿನಲ್ಲೇ ಸೇರಿರುತ್ತದೆ. ಸಂಘಕ್ಕೂ ಲಾಭ ಇದೆ. ಪ್ರೀತಿಯಿಂದ ಮನೆಗೆ ಹೋದವರು ಮುಂದೆ ವಿದ್ಯಾರ್ಥಿವೇತನದ ನಿಧಿಗೋ ಲೈಬ್ರರಿಗೋ ಚೆಕ್ ಬರೆಯುತ್ತಾರೆ ಅನ್ನೋ ಲೆಕ್ಕ ಯಾರಿಗೂ ಗೊತ್ತಿಲ್ಲದ್ದೇನಲ್ಲ. ನನಗೆ ಇದರಲ್ಲಿ ತಕರಾರಿಲ್ಲ. ಆದರೆ ಇದು ಗೊತ್ತಿದ್ದರೆ ಒಳ್ಳೆಯದು. ಪ್ರೊಫೆಸರ್ ನಮ್ಮ ಜೊತೆ ತೀರಾ ನಗುನಗುತ್ತಾ ಇದ್ದರೆ, ಯಾರ ಮಾತನ್ನೂ ತಪ್ಪು ಅನ್ನದೆ ಇದ್ದರೆ, ಅದಕ್ಕೆ ಅವರ ಸ್ವಭಾವ ಒಂದೇ ಕಾರಣ ಇರಲಿಕ್ಕಿಲ್ಲ.

ಪ್ರೊಫೆಸರ್‌ಗಳು ಉಳ್ಳವರ ಜೊತೆ ಊರೂರು ತಿರುಗುವುದು ಇವತ್ತಿನ ಸಂಗತಿಯೂ ಅಲ್ಲ. ಅರ್ಥಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಆ್ಯಡಂ ಸ್ಮಿತ್ ಅದನ್ನೇ ಮಾಡಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರದ ಪ್ರೊಫೆಸರ್ ಆಗಿದ್ದವರು 1764ರಲ್ಲಿ ಕೆಲಸ ಬಿಟ್ಟು ಬಕ್ಲೂ ಮನೆತನದ ಹದಿಹರೆಯದ ಡ್ಯೂಕ್ ಜೊತೆ ಫ್ರಾನ್ಸಿಗೆ ಹೊರಟರು. ವರ್ಷಕ್ಕೆ 300 ಪೌಂಡ್, ಪ್ರವಾಸ ಮುಗಿದ ಮೇಲೂ ಜೀವನಪೂರ್ತಿ ಅಷ್ಟೇ ಪಿಂಚಣಿ. ವರ್ಷದ ನಡುವೆ ಪಾಠ ಬಿಟ್ಟು ಹೋಗುತ್ತಿದ್ದೇನಲ್ಲ ಅಂತ ವಿದ್ಯಾರ್ಥಿಗಳಿಗೆ ಫೀಸು ವಾಪಸ್ ಕೊಡಲು ಹೋದರು. ಹುಡುಗರು ಬೇಡ ಅಂದರು. ಕೊನೆಗೆ ಒಬ್ಬನ ಕೋಟು ಹಿಡಿದು ದುಡ್ಡನ್ನು ಅವನ ಜೇಬಿಗೆ ತುರುಕಿದರಂತೆ.

ಫ್ರಾನ್ಸಿನ ಟೂಲೂಸ್ ಊರು ತಲುಪಿದ ಮೇಲೆ ಸ್ಮಿತ್‌ಗೆ ಬೇಜಾರು ಹಿಡಿಯಿತು. ಪರಿಚಯದವರು ಇಲ್ಲ, ಫ್ರೆಂಚ್ ಸರಿಯಾಗಿ ಬಾಯಿಗೆ ಬಾರದು. ಹೊತ್ತು ಕಳೆಯಲು ಒಂದು ಪುಸ್ತಕ ಬರೆಯಲು ಶುರು ಮಾಡಿದ್ದೇನೆ ಅಂತ ಗೆಳೆಯ, ತತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ ಕಾಗದ ಬರೆದರು. 1776ರಲ್ಲಿ ಹೊರಬಂದ 'ವೆಲ್ತ್ ಆಫ್ ನೇಷನ್ಸ್' ಶುರುವಾದದ್ದು ಹಾಗೆ ಅಂತ ಹಲವರು ನಂಬುತ್ತಾರೆ. ಮುಂದೆ ಜಿನೀವಾದಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಸಿಕ್ಕರು, ಪ್ಯಾರಿಸ್ಸಿನಲ್ಲಿ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ಕೆನೆ ಸಿಕ್ಕರು. ಭೂಮಿಯೊಂದೇ ಸಂಪತ್ತಿನ ಮೂಲ ಅಂತ ವಾದಿಸುತ್ತಿದ್ದ ಕೆನೆ ಮತ್ತು ಅವರ ಜೊತೆಯವರ ಮಾತು ಕೇಳಿ, ಅದನ್ನು ಒಪ್ಪದೆ, ಆದರೆ ಬಿಡಲೂ ಆಗದೆ, ಸ್ಮಿತ್ ತಮ್ಮ ಪುಸ್ತಕದಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಇಟ್ಟರು. ಡ್ಯೂಕ್ ಎಷ್ಟು ಕಲಿತನೋ ಕಾಣೆ. ಮೇಷ್ಟ್ರಂತೂ ಕಲಿತರು. ಜೊತೆಗೆ ಬಂದ ಪ್ರೊಫೆಸರ್‌ಗೆ ಪ್ರವಾಸದಲ್ಲಿ ಕಲಿಯುವುದು ಏನೂ ಉಳಿದಿಲ್ಲ ಅನ್ನಿಸಿದರೆ ನಮಗೂ ಅಷ್ಟಕ್ಕಷ್ಟೇ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಇನ್ನೊಂದು ಬೇರೂ ಇದೆ. ಅದು ಶ್ರೀಮಂತರದ್ದಲ್ಲ. 1975ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾರ್ಟಿ ನೋಲ್ಟನ್ ಮತ್ತು ಡೇವಿಡ್ ಬಿಯಾಂಕೊ ಅನ್ನುವ ಇಬ್ಬರು ಎಲ್ಡರ್‌ಹಾಸ್ಟೆಲ್ ಶುರು ಮಾಡಿದರು. ನೋಲ್ಟನ್ ಬೆನ್ನಿಗೊಂದು ಚೀಲ ಹಾಕಿಕೊಂಡು ಯುರೋಪ್ ಸುತ್ತಿ ಬಂದಿದ್ದವರು. ಬೇಸಿಗೆಯಲ್ಲಿ ಕಾಲೇಜು ಹಾಸ್ಟೆಲ್‌ಗಳು ಖಾಲಿ ಬಿದ್ದಿರುತ್ತವೆ, ವಯಸ್ಸಾದವರಿಗೆ ಕಲಿಯುವ ಆಸೆ ಹಾಗೇ ಉಳಿದಿರುತ್ತದೆ. ಎರಡನ್ನೂ ಸೇರಿಸಿದರು. ಮೊದಲ ಬೇಸಿಗೆಯಲ್ಲಿ ಐದು ಕಾಲೇಜುಗಳಿಗೆ ಬಂದವರು 220 ಮಂದಿ. ವಿದ್ಯಾರ್ಥಿಗಳು ಮಲಗುವ ಅದೇ ಕಿರಿದಾದ ಮಂಚ, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಪರೀಕ್ಷೆ ಇಲ್ಲ, ಹೋಂವರ್ಕ್ ಇಲ್ಲ, ಅಂಕ ಇಲ್ಲ. ಈಗ ಅದೇ ಸಂಸ್ಥೆ ರೋಡ್ ಸ್ಕಾಲರ್ ಅನ್ನುವ ಹೆಸರಿನಲ್ಲಿ ಜಗತ್ತಿನ ಮೂಲೆಮೂಲೆಗೂ ಜನರನ್ನು ಕರೆದುಕೊಂಡು ಹೋಗುತ್ತದೆ. ಹಾಸ್ಟೆಲ್ ಮಂಚ ಈಗ ಅಪರೂಪ.

ಇವತ್ತಿನ ಅಲುಮ್ನಿ ಟೂರ್ ಈ ಎರಡರ ಮಗು ಅನ್ನಬಹುದು. ಅಭ್ಯಾಸಗಳು ಡ್ಯೂಕ್‌ನವು, ಆಸೆ ಮಾತ್ರ ಎಲ್ಡರ್‌ಹಾಸ್ಟೆಲ್‌ನದ್ದು.

ಪಾಠ ಯಾವಾಗ ಇರಬೇಕು, ಜಾಗ ನೋಡುವ ಮೊದಲೋ ಆಮೇಲೋ? ಹೆಚ್ಚಿನ ಪ್ರವಾಸಗಳಲ್ಲಿ ಹಿಂದಿನ ಸಂಜೆ ಹೋಟೆಲಿನ ಯಾವುದೋ ಹಾಲ್‌ನಲ್ಲಿ ಪರದೆ ಇಳಿಸಿ ಸ್ಲೈಡ್ ತೋರಿಸುತ್ತಾರೆ. ಅರ್ಧ ಜನಕ್ಕೆ ವಿಮಾನದ ಸುಸ್ತು. ದೀಪ ಆರಿಸಿದ ಕೂಡಲೇ ಗೊರಕೆ ಶುರು. ಮರುದಿನ ಜಾಗಕ್ಕೆ ಹೋದರೆ ಸ್ಲೈಡಿನಲ್ಲಿ ನೋಡಿದ್ದನ್ನೇ ಹುಡುಕುತ್ತೇವೆ. ಸಿಕ್ಕಿದರೆ 'ಇದೇ ಇದೇ' ಅಂತ ಒಂದು ಫೋಟೋ. ಕಣ್ಣೆದುರು ಏನಿದೆ ಅನ್ನೋದನ್ನು ನೋಡುವುದೇ ಇಲ್ಲ. ಹಾಗಾಗಿ ನಾನು 'ಆಮೇಲೆ' ಅನ್ನೋ ಪಕ್ಷ. ಮೊದಲು ನೋಡಬೇಕು, ಅರ್ಥವಾಗದೆ ತಲೆ ಕೆರೆದುಕೊಳ್ಳಬೇಕು, ಸಂಜೆ ಕೂತು ಕೇಳಬೇಕು.

ಆದರೆ ಈ ನನ್ನ ಹಟಕ್ಕೆ ಒಂದು ಅಪವಾದ ಇದೆ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಒಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲ. ಅಲ್ಲಿ ಮೌನ ಕಡ್ಡಾಯ. ಹಾಗಾಗಿ ಹೊರಗಿನ ಅಂಗಳದಲ್ಲಿ ಚಿತ್ರಗಳ ದೊಡ್ಡ ಫಲಕಗಳನ್ನು ನಿಲ್ಲಿಸಿದ್ದಾರೆ. ಬಿಸಿಲಿನಲ್ಲಿ ಅವುಗಳ ಮುಂದೆ ಗುಂಪು ಗುಂಪಾಗಿ ನಿಂತು, ಹತ್ತು ಭಾಷೆಗಳ ಗಲಾಟೆಯಲ್ಲಿ, ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ನಮ್ಮ ಗೈಡ್ ಮಾತು ಕೇಳಬೇಕು. ನಮ್ಮ ಗೈಡ್ ಹೆಚ್ಚು ಹೇಳಲಿಲ್ಲ. ಒಂದೇ ಒಂದು ಸುಳಿವು ಕೊಟ್ಟರು. ಮೈಕೆಲ್ಯಾಂಜೆಲೊ ಚಾವಣಿಯ ಚಿತ್ರಗಳನ್ನು ಬಲಿಪೀಠದ ಎದುರಿನ ಮುಖ್ಯ ಬಾಗಿಲ ಕಡೆಯಿಂದ ಬರೆಯಲು ಶುರು ಮಾಡಿದರು, ಅಟ್ಟಣಿಗೆ ಮೇಲಿದ್ದಾಗ ಕೆಳಗಿನಿಂದ ಚಿತ್ರ ಹೇಗೆ ಕಾಣುತ್ತದೆ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅರ್ಧ ಮುಗಿದ ಮೇಲೆ ಅಟ್ಟಣಿಗೆ ಬಿಚ್ಚಿದರು. ಆಗ ನೆಲದಿಂದ ನೋಡಿದರು. 'ಒಳಗೆ ಹೋಗಿ, ಅವರು ಕೆಳಗೆ ಇಳಿದು ನೋಡಿದ್ದು ಯಾವ ಜಾಗಕ್ಕೆ ಬಂದಾಗ ಅಂತ ನೀವೇ ಹುಡುಕಿ' ಅಂದರು.

ಒಳಗೆ ಹೋದರೆ ಕಾಣುತ್ತದೆ. ಆ ಮುಖ್ಯ ಬಾಗಿಲ ಹತ್ತಿರದ ಪ್ರಳಯದ ಚಿತ್ರದಲ್ಲಿ ಚಿಕ್ಕ ಚಿಕ್ಕ ಮನುಷ್ಯರು, ಒಬ್ಬರ ಮೇಲೊಬ್ಬರು, ನೆಲದಿಂದ ಯಾರು ಏನು ಮಾಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ಮುಂದೆ ಹೋದ ಹಾಗೆ ಮೈಗಳು ದೊಡ್ಡದಾಗುತ್ತವೆ, ಜನ ಕಡಿಮೆಯಾಗುತ್ತಾರೆ. ಬಲಿಪೀಠದ ಕಡೆ ಬರುವಷ್ಟರಲ್ಲಿ ಒಂದು ಚಿತ್ರಕ್ಕೆ ಒಂದೆರಡು ಆಕೃತಿ ಸಾಕಾಗಿದೆ. 1508ರಲ್ಲಿ ಶುರುವಾಗಿ 1512ರಲ್ಲಿ ಮುಗಿದ ಕೆಲಸ. ಕೆಲಸ ಮಾಡುತ್ತಲೇ ಒಬ್ಬ ಮನುಷ್ಯ ಕಲಿತದ್ದು ಚಾವಣಿಯ ಉದ್ದಕ್ಕೂ ಬರೆದಿದೆ. ನಮ್ಮ ಪ್ರೊಫೆಸರ್ ಹೊರಗೆ ಬಂದ ಮೇಲೆ ಪೋಪ್ ಎರಡನೇ ಜೂಲಿಯಸ್ ಬಗ್ಗೆ, ದುಡ್ಡಿನ ಜಗಳದ ಬಗ್ಗೆ ಒಳ್ಳೆಯ ಪಾಠವನ್ನೇ ಮಾಡಿದರು. ಆದರೆ ಗೈಡ್ ಕೊಟ್ಟ ಆ ಒಂದು ಸುಳಿವಿಗೆ ಅದು ಸಮ ಆಗಲಿಲ್ಲ. ಸಾವಿರ ಗುಂಪುಗಳನ್ನು ಒಳಗೆ ಕಳಿಸಿದವರಿಗೆ ಮಾತ್ರ ಗೊತ್ತಿರುತ್ತದೆ, ಮೌನದಲ್ಲಿ ನೋಡಲು ಹೋಗುವವರ ಕೈಗೆ ಏನು ಕೊಟ್ಟು ಕಳಿಸಬೇಕು ಅಂತ.

ಈಗ ಆಂಕೋರ್ ವಾಟ್. ನಾನು ಇಷ್ಟೆಲ್ಲ ಬರೆಯಲು ಕಾರಣವೇ ಅದು.

ಕಾಂಬೋಡಿಯಾದ ಆ ದೇವಸ್ಥಾನವನ್ನು ಹನ್ನೆರಡನೇ ಶತಮಾನದ ಮೊದಲ ಅರ್ಧದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ. ವಿಷ್ಣುವಿನ ದೇವಸ್ಥಾನ, ಮುಂದೆ ಬೌದ್ಧರದ್ದಾಯಿತು. ನಮ್ಮ ಜೊತೆ ಬಂದಿದ್ದ ಪ್ರೊಫೆಸರ್ ಕಲಾ ಇತಿಹಾಸದವರು, ಮಾತು ಕಡಿಮೆ, ಸ್ಲೈಡ್ ಜಾಸ್ತಿ. ಗೈಡ್ ಅರವತ್ತರ ಆಸುಪಾಸಿನವರು. ಖ್ಮೇರ್ ರೂಜ್ ಅನ್ನುವ ಕ್ರೂರ ಕಮ್ಯುನಿಸ್ಟ್ ಗುಂಪು ದೇಶ ಆಳಿದ 1975ರಿಂದ 1979ರ ಕಾಲದಲ್ಲಿ ಅವರು ಚಿಕ್ಕ ಹುಡುಗ. ಶಾಲೆಗಳನ್ನೇ ಮುಚ್ಚಿದ್ದ ಕಾಲ. ಇಂಗ್ಲಿಷ್ ಕಲಿತದ್ದು ದೊಡ್ಡವರಾದ ಮೇಲೆ, ದೇವಸ್ಥಾನದ ಪಾಠ ಕಲಿತದ್ದು ದೇವಸ್ಥಾನದಲ್ಲೇ.

ಮೊದಲ ಸಂಜೆಯ ಸ್ಲೈಡ್‌ಗಳಲ್ಲಿ ಒಂದು ಕಾಲಪಟ್ಟಿ ಇತ್ತು. ಅದರಲ್ಲಿ 1860 ಅಂತ ಹಾಕಿ ಎದುರಿಗೆ 'ಆನ್ರಿ ಮೂಓ, ಮರುಶೋಧ' ಅಂತ ಬರೆದಿತ್ತು. ಫ್ರೆಂಚ್ ಪ್ರವಾಸಿ ಮೂಓ ಕಾಡಿನ ನಡುವೆ ಆಂಕೋರ್ ನೋಡಿದ ವರ್ಷ ಅದು. ನಮಗೆ ಯಾರಿಗೂ ಅದರಲ್ಲಿ ಏನೂ ಅನ್ನಿಸಲಿಲ್ಲ. ಎಲ್ಲ ಕಡೆ ಹಾಗೇ ಬರೆದಿರುತ್ತಾರೆ, ಅಲ್ವಾ? ಹಿಂದೆ ಬಾಗಿಲ ಹತ್ತಿರ ಕೂತಿದ್ದ ಗೈಡ್ ಕೂಡ ಏನೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಅವರು ನಮ್ಮನ್ನು ಎಲ್ಲ ಗುಂಪುಗಳೂ ಹೋಗುವ ದಾರಿ ಬಿಟ್ಟು ಒಳಗಿನ ಒಂದು ಕಂಬದ ಮುಂದೆ ನಿಲ್ಲಿಸಿದರು. ಕಂಬದ ಮೇಲೆ ಮಾಸಿದ ಶಾಯಿಯ ಗೀಟುಗಳು. ಬೆಳಕು ಓರೆಯಾಗಿ ಬಿದ್ದಾಗ ಅದು ಬರಹ ಅಂತ ಗೊತ್ತಾಗುತ್ತದೆ. ಮೇಲಿಂದ ಕೆಳಕ್ಕೆ ಇಳಿದ ಸಾಲುಗಳು, ಅದರ ಮೇಲೆ ಯಾರೋ ಹೊಡೆದು ಹಾಕಿದ ಗುರುತು. ಗೈಡ್ ಬೆರಳು ತಾಗಿಸದೆ ಒಂದೊಂದೇ ಸಾಲು ತೋರಿಸಿದರು. 'ಇದು ಜಪಾನಿ ಭಾಷೆ. ಉಕೊಂದಾಯು ಅನ್ನುವವರು ಇಲ್ಲಿಗೆ ಬಂದು ಬುದ್ಧನಿಗೆ ಮೂರ್ತಿಗಳನ್ನು ಅರ್ಪಿಸಿದರು. 1632ರಲ್ಲಿ.' ಸ್ವಲ್ಪ ಹೊತ್ತು ಬಿಟ್ಟು ಪ್ರೊಫೆಸರ್ ಕಡೆ ತಿರುಗಿ, ತೀರಾ ಮರ್ಯಾದೆಯಿಂದಲೇ ಕೇಳಿದರು: 'ಮೂಓ ಬರುವ ಇನ್ನೂರು ವರ್ಷ ಮೊದಲೇ ಜಪಾನಿನಿಂದ ಯಾತ್ರೆಗೆ ಬರುತ್ತಿದ್ದರು. ನಮ್ಮ ಭಿಕ್ಷುಗಳು ಈ ಜಾಗವನ್ನು ಪೂರ್ತಿ ಬಿಟ್ಟುಹೋದದ್ದೇ ಇಲ್ಲ. ಹಾಗಾದರೆ ಸರ್, ಮತ್ತೆ ಪತ್ತೆಯಾಗಲು ಇದು ಕಳೆದುಹೋದದ್ದು ಯಾವಾಗ?'

ಗುಂಪಿನಲ್ಲಿ ಒಂದು ಕೆಮ್ಮು ಕೂಡ ಇಲ್ಲ. ದುಡ್ಡು ಕೊಟ್ಟು ಬಂದವರ ಮುಂದೆ ಪ್ರೊಫೆಸರ್‌ಗೆ ಹೀಗೆ ಕೇಳುವುದು ಗೈಡ್ ಕೆಲಸಕ್ಕೆ ಒಳ್ಳೆಯದಲ್ಲ. ಪ್ರವಾಸದ ಕೊನೆಗೆ ತುಂಬುವ ಅಭಿಪ್ರಾಯದ ಹಾಳೆಯಲ್ಲಿ ಯಾರಾದರೂ ಎರಡು ಸಾಲು ಬರೆದರೆ ಮುಂದಿನ ಗುಂಪು ಕೈತಪ್ಪಬಹುದು. ಪ್ರೊಫೆಸರ್ ಕಂಬದ ಹತ್ತಿರ ಹೋಗಿ ಬಗ್ಗಿ ನೋಡಿದರು. ಆಮೇಲೆ, 'ಆ ಸ್ಲೈಡ್ ತಪ್ಪು' ಅಂದರು. ಅಷ್ಟೇ. ಅಷ್ಟು ಹೇಳಿ, ಅಲ್ಲೇ ನಿಂತು ತಮಗೆ ಗೊತ್ತಿದ್ದದ್ದನ್ನು ಸೇರಿಸಿದರು. ಆ ಕಾಲದ ಜಪಾನಿಗರಲ್ಲಿ ಹಲವರು ಇದನ್ನು ಭಾರತದ ಜೇತವನ ಅಂತ ನಂಬಿದ್ದರು, ಬುದ್ಧ ಮಳೆಗಾಲ ಕಳೆದ ಅದೇ ಜೇತವನ. ಉಕೊಂದಾಯು ಕಾಂಬೋಡಿಯಾಕ್ಕೆ ಬಂದಿದ್ದರು, ಆದರೆ ಅವರ ಮನಸ್ಸಿನಲ್ಲಿ ಬಂದದ್ದು ಬೇರೆ ಊರಿಗೆ! ಇದು ಗೈಡ್‌ಗೆ ಹೊಸ ವಿಷಯ. ಅವರು ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡರು.

ನಾನು ಇಷ್ಟು ದುಡ್ಡು ಕೊಟ್ಟದ್ದು ಇದಕ್ಕೇ ಅಂತ ಅನ್ನಿಸಿತು. ಪ್ರೊಫೆಸರ್ ಒಬ್ಬರೇ ಬಂದಿದ್ದರೆ ಆ ಕಂಬದ ಮುಂದೆ ನಿಲ್ಲುತ್ತಿರಲಿಲ್ಲ. ಗೈಡ್ ಒಬ್ಬರೇ ಇದ್ದಿದ್ದರೆ ಜೇತವನದ ಸಂಗತಿ ಗೊತ್ತಾಗುತ್ತಿರಲಿಲ್ಲ. ಪುಸ್ತಕ ಓದಿಕೊಂಡು ನಾನೇ ಹೋಗಿದ್ದರೆ ಎರಡೂ ಇಲ್ಲ.

ಅಲ್ಲಿಂದ ಮುಂದಕ್ಕೆ ಪ್ರವಾಸದ ಗತ್ತೇ ಬದಲಾಯಿತು. ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನದ ಉಬ್ಬುಶಿಲ್ಪ ಇದೆ. ಸುಮಾರು 49 ಮೀಟರ್ ಉದ್ದ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಅವನ ಕೆಳಗೆ ಆಮೆ, ಉದ್ದಕ್ಕೂ ವಾಸುಕಿಯ ಮೈ. ಕಥೆ ನನಗೆ ಚಿಕ್ಕಂದಿನಿಂದ ಗೊತ್ತು, ಇನ್ನೇನು ನೋಡುವುದು ಅಂದುಕೊಂಡಿದ್ದೆ. ಪ್ರೊಫೆಸರ್ ಕೆಳಗಿನ ಪಟ್ಟಿ ನೋಡಿ ಅಂದರು. ಅಲ್ಲಿ ಸಮುದ್ರದ ಮೀನು, ಮೊಸಳೆ. ತುದಿಯಲ್ಲಿ ಅವು ಆರಾಮಾಗಿ ಈಜುತ್ತಿವೆ. ನಡುವಿಗೆ ಬಂದ ಹಾಗೆ ಮೈ ತಿರುಚಿಕೊಳ್ಳುತ್ತದೆ. ಮಂದರದ ಹತ್ತಿರ ಬಂದರೆ ಒಂದೊಂದು ಮೀನೂ ಎರಡು ತುಂಡು. ಕಡೆಯುವ ರಭಸಕ್ಕೆ ಕತ್ತರಿಸಿಹೋಗಿವೆ. ಅಮೃತದ ಕಥೆಯಲ್ಲಿ ಮೀನುಗಳಿಗೆ ಏನಾಯಿತು ಅಂತ ನನಗೆ ಯಾರೂ ಹೇಳಿರಲಿಲ್ಲ.

ಗೈಡ್ ಅದೇ ಗೋಡೆಯಲ್ಲಿ ಬೇರೆಯದನ್ನು ತೋರಿಸಿದರು. ಕೆಲವು ಕಡೆ ಕಲ್ಲು ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತದೆ. ಕೈ ಮುಟ್ಟಿ ಮುಟ್ಟಿ ಆದದ್ದು. ಮೇಲಿನ ಚಾವಣಿ ತೋರಿಸಿ, ಹಿಂದಿನ ರಿಪೇರಿಯಲ್ಲಿ ಸಿಮೆಂಟ್ ಹಾಕಿದ್ದರಿಂದ ಮಳೆನೀರು ಹೋಗುವ ದಾರಿ ಕಟ್ಟಿಕೊಂಡು ನೀರು ಶಿಲ್ಪದ ಮೇಲೆಯೇ ಇಳಿಯುತ್ತಿತ್ತು ಅಂದರು. ಹಳೆಯ ಖ್ಮೇರ್ ಶಿಲ್ಪಿಗಳು ನೀರು ಹರಿದುಹೋಗುವ ದಾರಿಯನ್ನು ಚಾವಣಿಯಲ್ಲೇ ಮಾಡಿಟ್ಟಿದ್ದರು. ರಿಪೇರಿ ಮಾಡಿದವರಿಗೆ ಅದು ಗೊತ್ತಾಗಲಿಲ್ಲ. ಕೊನೆಗೆ ಚಾವಣಿಯನ್ನು ಬಿಚ್ಚಿ ಮತ್ತೆ ಜೋಡಿಸಿದರು, ಆ ಕೆಲಸ 2012ರಲ್ಲಿ ಮುಗಿಯಿತು.

ಆಗ ನಮ್ಮ ಗುಂಪಿನ ನಿವೃತ್ತ ಸಿವಿಲ್ ಎಂಜಿನಿಯರ್ ಒಬ್ಬರ ಕಿವಿ ನಿಮಿರಿತು. ಅಲ್ಲಿಯವರೆಗೆ ಅವರು ಹೆಂಡತಿಯ ಹಿಂದೆ ಸುಮ್ನೆ ನಡೆಯುತ್ತಿದ್ದವರು. 'ಚಾವಣಿ ನೀರು ಸರಿ. ಇಷ್ಟು ದೊಡ್ಡ ಊರಿನ ನೀರು ಎಲ್ಲಿಗೆ ಹೋಗುತ್ತಿತ್ತು?' ಅಂತ ಕೇಳಿದರು. ಪ್ರೊಫೆಸರ್ ಪಶ್ಚಿಮ ಬರಾಯ್ ಬಗ್ಗೆ ಹೇಳಿದರು, ಸುಮಾರು ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಕೆರೆ. 2012ರಲ್ಲಿ ಹೆಲಿಕಾಪ್ಟರ್‌ನಿಂದ ಲೇಸರ್ ಹಾಯಿಸಿ ಕಾಡಿನ ಕೆಳಗಿನ ನೆಲವನ್ನು ಅಳೆದಾಗ ದೇವಸ್ಥಾನದ ಸುತ್ತ ಬೀದಿಗಳು, ಮನೆ ದಿಬ್ಬಗಳು, ಚಿಕ್ಕ ಚಿಕ್ಕ ಕೊಳಗಳು ಸಾಲಾಗಿ ಕಂಡದ್ದನ್ನು ಹೇಳಿದರು. ಎಂಜಿನಿಯರ್‌ಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಇಳಿಜಾರು ಎಷ್ಟು? ಹೂಳು ಯಾರು ಎತ್ತುತ್ತಿದ್ದರು? ಜೋರು ಮಳೆ ಬಂದರೆ ಏನು ಗತಿ? ಅವತ್ತಿನಿಂದ ಅವರು ಬಸ್ಸಿನಲ್ಲಿ ಪ್ರೊಫೆಸರ್ ಪಕ್ಕದ ಸೀಟು ಬಿಡಲಿಲ್ಲ.

ಇದು ಕಾಲೇಜಿನಲ್ಲಿ ನಡೆಯುವುದಿಲ್ಲ. ಹದಿನೆಂಟರ ಹುಡುಗ ಪರೀಕ್ಷೆಗೆ ಬರುತ್ತದಾ ಅಂತ ಕೇಳುತ್ತಾನೆ. ನಲವತ್ತು ವರ್ಷ ಸೇತುವೆ ಕಟ್ಟಿದವರು ಕೇಳುವುದೇ ಬೇರೆ. ಅವರ ಹತ್ತಿರ ಪ್ರೊಫೆಸರ್‌ಗೆ ಗೊತ್ತಿಲ್ಲದ ಒಂದು ವಿದ್ಯೆ ಇರುತ್ತದೆ. ದಾದಿಯಾಗಿದ್ದವರು ಶಿಲ್ಪದಲ್ಲಿನ ಗಾಯಾಳು ಸೈನಿಕನನ್ನು ಎತ್ತುತ್ತಿರುವ ರೀತಿ ನೋಡಿ ಇದು ಸರಿಯಾಗಿದೆ ಅನ್ನುತ್ತಾರೆ. ಹೊಲಿಗೆ ಗೊತ್ತಿದ್ದವರು ಅಪ್ಸರೆಯ ಉಡುಗೆಯ ನೆರಿಗೆ ಎಣಿಸುತ್ತಾರೆ. ಪ್ರಶ್ನೆ ಕೇಳುವ ನೆಪದಲ್ಲಿ ಐದು ನಿಮಿಷ ಭಾಷಣ ಮಾಡುವವರೂ ಪ್ರತಿ ಗುಂಪಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಅದಕ್ಕೆ ಮದ್ದಿಲ್ಲ. ಒಳ್ಳೆಯ ಟೂರ್ ಮ್ಯಾನೇಜರ್ ಅಂಥವರನ್ನು ಬೇಗ ಗುರುತಿಸಿ, ಇಯರ್‌ಫೋನಿನ ಬ್ಯಾಟರಿ ಬದಲಿಸಬೇಕು ಅಂತ ಪಕ್ಕಕ್ಕೆ ಕರೆಯುತ್ತಾರೆ.

ಗೈಡ್ ಮತ್ತು ಪ್ರೊಫೆಸರ್ ಸಂಬಂಧ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ನಿಯಮವೇ ಗೈಡ್ ಪರ. ರಾಷ್ಟ್ರೀಯ ಉದ್ಯಾನದ ಪರವಾನಗಿ ಇರುವ ಗೈಡ್ ಇಲ್ಲದೆ ಹೆಚ್ಚಿನ ಜಾಗಗಳಲ್ಲಿ ಕಾಲಿಡುವ ಹಾಗಿಲ್ಲ. ಒಬ್ಬ ಗೈಡ್‌ಗೆ ಹದಿನಾರಕ್ಕಿಂತ ಜಾಸ್ತಿ ಜನ ಇರುವಂತಿಲ್ಲ, ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕು. ಪ್ರೊಫೆಸರ್ ನೊಬೆಲ್ ಪಡೆದವರಾದರೂ ಅಲ್ಲಿ ಅವರು ಹದಿನಾರರಲ್ಲಿ ಒಬ್ಬರು ಅಷ್ಟೇ. ಹಡಗಿಗೆ ವಾಪಸ್ ಬಂದ ಮೇಲೆ ಅವರ ಸರದಿ.

ನಮ್ಮ ಜೀವವಿಜ್ಞಾನದ ಪ್ರೊಫೆಸರ್ ಅಲ್ಲಿ ಮೊದಲು ಮಾಡಿದ್ದು ಒಂದು ದಂತಕಥೆ ಒಡೆಯುವ ಕೆಲಸ. ಡಾರ್ವಿನ್ 1835ರಲ್ಲಿ ಐದು ವಾರ ಅಲ್ಲಿದ್ದಾಗ ಫಿಂಚ್ ಹಕ್ಕಿಗಳ ಕೊಕ್ಕು ನೋಡಿ ಥಟ್ಟನೆ ವಿಕಾಸವಾದ ಹೊಳೆಯಿತು ಅನ್ನೋ ಕಥೆ ನಿಜ ಅಲ್ಲ. ಯಾವ ಫಿಂಚ್ ಯಾವ ದ್ವೀಪದ್ದು ಅಂತ ಅವರು ಸರಿಯಾಗಿ ಗುರುತು ಹಾಕಿಯೇ ಇರಲಿಲ್ಲ. ಅವು ಬೇರೆ ಬೇರೆ ಜಾತಿಯ ಫಿಂಚ್‌ಗಳು ಅಂತ 1837ರಲ್ಲಿ ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಹೇಳಿದ ಮೇಲೆ ಗೊತ್ತಾದದ್ದು. ಅದರಿಂದ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ದಂಪತಿಯ ಕಡೆ ಬಂದರು. 1973ರಿಂದ ಡ್ಯಾಫ್ನಿ ಮೇಜರ್ ಅನ್ನುವ ಪುಟ್ಟ ದ್ವೀಪದಲ್ಲಿ ಹಕ್ಕಿಗಳನ್ನು ಒಂದೊಂದಾಗಿ ಅಳೆದವರು. 1977ರ ಬರದಲ್ಲಿ ಸಣ್ಣ ಬೀಜ ಮುಗಿದು, ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನವು ಹೆಚ್ಚು ಉಳಿದವು. ಮರಿಗಳ ಕೊಕ್ಕೂ ದಪ್ಪ ಬಂತು. ಎಲ್ಲ ಚೆನ್ನಾಗಿತ್ತು.

ಗೈಡ್ ಮಾತ್ರ ಇಡೀ ದಿನ ಆಡುಗಳ ಬಗ್ಗೆ ಮಾತಾಡಿದರು. ಜನ ತಂದು ಬಿಟ್ಟ ಆಡುಗಳು ಕಾಡು ಸೇರಿ, ದೈತ್ಯ ಆಮೆಗಳ ಮೇವನ್ನೆಲ್ಲ ತಿಂದು ಹಾಕಿದ್ದು, ಕೊನೆಗೆ ಲಕ್ಷಕ್ಕೂ ಹೆಚ್ಚು ಆಡುಗಳನ್ನು ಕೊಂದದ್ದು. ಉಳಿದ ಆಡುಗಳನ್ನು ಹುಡುಕಲು ಹೆಣ್ಣು ಆಡುಗಳ ಕೊರಳಿಗೆ ರೇಡಿಯೋ ಕಟ್ಟಿ ಬಿಡುತ್ತಿದ್ದರು. ಅದು ತನ್ನವರನ್ನು ಹುಡುಕಿಕೊಂಡು ಹೋಗುತ್ತದೆ, ಹೆಲಿಕಾಪ್ಟರ್ ಅದರ ಹಿಂದೆ ಹೋಗುತ್ತದೆ. ಅದೊಂದನ್ನು ಮಾತ್ರ ಬಿಡುತ್ತಾರೆ. ಮತ್ತೆ ಹುಡುಕಲು. ಗುಂಪಿನಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಆಡು ನೋಡಲು ಬಂದೆವಾ ಅಂತ ಊಟದ ಹೊತ್ತಿನಲ್ಲಿ ಗೊಣಗಿದರು. ನನಗೆ ಅನ್ನಿಸಿದ್ದು, ಪ್ರೊಫೆಸರ್‌ಗೆ ಆ ದ್ವೀಪ ಒಂದು ಪ್ರಶ್ನೆಗೆ ಉತ್ತರ, ಗೈಡ್‌ಗೆ ಅದು ನಾಳೆಯೂ ಬದುಕಬೇಕಾದ ಊರು. ಆದರೆ ಅಲ್ಲಿ ಇಬ್ಬರೂ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರಲಿಲ್ಲ. ದಡದಲ್ಲಿ ಇವರು, ಹಡಗಿನಲ್ಲಿ ಅವರು. ಒಳ್ಳೆಯ ಪ್ರವಾಸವೇ, ಆದರೆ ಎರಡು ಪ್ರವಾಸ ಅಕ್ಕಪಕ್ಕ ನಡೆದ ಹಾಗಿತ್ತು.

ಬಾರದವರ ಬಗ್ಗೆಯೂ ಹೇಳಬೇಕು. ಬ್ಯಾಡ್ಜ್‌ಗಳ ಮೇಲಿನ ವರ್ಷ ನೋಡುತ್ತಾ ಹೋದರೆ ಒಂದು ಕಡೆ ನಿಂತುಬಿಡುತ್ತವೆ. ಪಾಸಾಗಿ ಹತ್ತು ವರ್ಷ ಆದವರು ಇಲ್ಲವೇ ಇಲ್ಲ ಅನ್ನಬಹುದು. ಅವರ ಹತ್ತಿರ ದುಡ್ಡೂ ಇಲ್ಲ, ರಜೆಯೂ ಇಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಶಿಕ್ಷಕರಾದವರು ಇಲ್ಲ, ಸಾಲ ತೀರಿಸುತ್ತಿರುವವರು ಇಲ್ಲ. ಒಂಟಿಯಾಗಿ ಬರುವವರಿಗೆ ಒಂದು ರೂಮಿಗೆ ಇಬ್ಬರ ಲೆಕ್ಕದಲ್ಲಿ ಜಾಸ್ತಿ ದುಡ್ಡು ಕೇಳುತ್ತಾರೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಮೇಲೆ ಊರು ಸುತ್ತೋಣ ಅಂದುಕೊಂಡವರಿಗೆ ಅದೊಂದು ದಂಡ. 'ಎಲ್ಲ ಹಳೆಯ ವಿದ್ಯಾರ್ಥಿಗಳಿಗೂ ಸ್ವಾಗತ' ಅಂತ ಬ್ರೋಷರ್‌ನಲ್ಲಿ ಬರೆದಿರುತ್ತದೆ. ಸ್ವಾಗತ ಏನೋ ಇದೆ. ಎಲ್ಡರ್‌ಹಾಸ್ಟೆಲ್‌ನ ಆ ಕಿರಿದಾದ ಮಂಚ ಇವತ್ತೂ ಒಂದೆರಡು ಪ್ರವಾಸಗಳಲ್ಲಾದರೂ ಇದ್ದಿದ್ದರೆ ಗುಂಪು ಬೇರೆ ಥರ ಇರುತ್ತಿತ್ತು, ಪ್ರಶ್ನೆಗಳೂ ಬೇರೆ ಥರ ಬರುತ್ತಿದ್ದವು. ಸಂಘದವರಿಗೆ ಇದನ್ನು ಬರೆದು ತಿಳಿಸಿದೆ. ಧನ್ಯವಾದ ಅಂತ ಉತ್ತರ ಬಂತು, ಜೊತೆಗೆ ಮುಂದಿನ ವರ್ಷದ ಬ್ರೋಷರ್.

ಯಾರಾದರೂ ಇಂಥ ಪ್ರವಾಸಕ್ಕೆ ಹೋಗಬೇಕಾ ಅಂತ ಕೇಳಿದರೆ, ಸಂಘಕ್ಕೆ ಫೋನ್ ಮಾಡಿ ಗೈಡ್ ಯಾರು ಅಂತ ಕೇಳಿ ಅನ್ನುತ್ತೇನೆ. ಮೊದಲಿಂದ ಕೊನೆಯವರೆಗೆ ಅವರೇ ಇರುತ್ತಾರಾ, ದಿನಕ್ಕೊಬ್ಬರು ಬದಲಾಗುತ್ತಾರಾ? ಪ್ರೊಫೆಸರ್ ಜೊತೆ ಮೊದಲು ಕೆಲಸ ಮಾಡಿದ್ದಾರಾ? ಸಂಜೆ ಪಾಠದಲ್ಲಿ ಅವರಿಗೂ ಕುರ್ಚಿ ಇದೆಯಾ? ಫೋನ್ ಎತ್ತಿದವರಿಗೆ ಹೆಚ್ಚಾಗಿ ಗೊತ್ತಿರುವುದಿಲ್ಲ. ಕೇಳಿ ತಿಳಿಸುತ್ತೇವೆ ಅನ್ನುತ್ತಾರೆ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಹೇಳಲು ಅವರೇ ತಿಳಿದುಕೊಂಡಿರುತ್ತಾರೆ.

ಆಂಕೋರ್‌ನಿಂದ ಬಂದು ತಿಂಗಳುಗಳಾದ ಮೇಲೆ ಪ್ರೊಫೆಸರ್ ಗುಂಪಿಗೆಲ್ಲ ಒಂದು ಮೇಲ್ ಹಾಕಿದರು. ಎಂಜಿನಿಯರ್ ಕೇಳಿದ ಮಳೆಯ ಪ್ರಶ್ನೆಗೆ ಉತ್ತರ. 2010ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನ. ವಿಯೆಟ್ನಾಂ ಬೆಟ್ಟಗಳ ಹಳೆಯ ಮರಗಳ ಉಂಗುರ ಅಳೆದು, ಹದಿನಾಲ್ಕು ಮತ್ತು ಹದಿನೈದನೇ ಶತಮಾನದಲ್ಲಿ ದೀರ್ಘ ಬರಗಳು ಬಂದವು, ನಡುನಡುವೆ ವಿಪರೀತ ಮಳೆಯೂ ಸುರಿಯಿತು ಅಂತ ತೋರಿಸಿದ್ದಾರೆ. ಅಂಥ ಹೊಡೆತ ಆ ಊರಿನ ಕಾಲುವೆಗಳಿಗೆ ತಡೆದುಕೊಳ್ಳಲು ಆಗಲಿಲ್ಲ ಅನ್ನೋದು ಅದರ ವಾದ. ಎಂಜಿನಿಯರ್ ಖುಷಿಯಾಗಿ ಒಂದು ಪುಟ ಲೆಕ್ಕ ಬರೆದು ಎಲ್ಲರಿಗೂ ಕಳಿಸಿದರು, ಆ ಪಟ್ಟಿಗೆ ಗೈಡ್ ಹೆಸರನ್ನೂ ಸೇರಿಸಿ. ಗೈಡ್ ಬರೆದದ್ದು ಎರಡೇ ಸಾಲು. ಮಳೆ, ಮರ ಎಲ್ಲ ಸರಿ ಸರ್, ಸಯಾಮಿನ (ಈಗಿನ ಥಾಯ್ಲೆಂಡ್) ಸೈನ್ಯ ಬಂದದ್ದನ್ನು ನಿಮ್ಮ ಮರಗಳು ಯಾಕೆ ಬರೆದುಕೊಂಡಿಲ್ಲ? ಎಂಜಿನಿಯರ್ ಅದಕ್ಕೂ ಅರ್ಧ ಪುಟ ಉತ್ತರ ಕೊಟ್ಟಿದ್ದಾರೆ. ದಾದಿಯಾಗಿದ್ದ ಮೇಡಂ ನಡುವೆ ಬಂದು ಮಲೇರಿಯಾ ಬಗ್ಗೆ ಯಾರೂ ಯಾಕೆ ಮಾತಾಡುತ್ತಿಲ್ಲ ಅಂತ ಕೇಳಿದ್ದಾರೆ. ಪ್ರೊಫೆಸರ್ ಎಲ್ಲರಿಗೂ ಸೇರಿಸಿ ಈ ವಾರದೊಳಗೆ ಬರೆಯುತ್ತೇನೆ ಅಂದಿದ್ದಾರೆ, ಗೈಡ್ ಹತ್ತಿರ ಸಯಾಮಿನ ಯುದ್ಧದ ಬಗ್ಗೆ ಖ್ಮೇರ್ ಭಾಷೆಯಲ್ಲಿ ಏನೇನಿದೆ ಅಂತ ಪಟ್ಟಿ ಕೇಳಿದ ಮೇಲೆ.